ತಾಯಿಗಿಡ ಕಟ್ಟಿಕೊಟ್ಟ ಬುತ್ತಿ

ಸಂಪಾದಕರೇ,

ಗೊಬ್ಬರ, ಬಿಸಿಲು ಇಲ್ಲದಿದ್ದರೆ ಬೀಜ ಮೊಳೆಯುವುದಿಲ್ಲ ಎಂದು ನನ್ನ ಮಗಳ ಪ್ರಾಜೆಕ್ಟ್ ಹಾಳೆಯಲ್ಲಿ ಅಚ್ಚಾಗಿದೆ. ಹಾಗಾದರೆ ನಾವು ಒದ್ದೆ ಹತ್ತಿಯಲ್ಲಿ ಸುತ್ತಿ ಕಪಾಟಿನ ಕತ್ತಲೆಯಲ್ಲಿಟ್ಟ ಬೀನ್ಸ್ ಬೀಜ ಮೊಳೆತದ್ದು ಹೇಗೆ? ಕೆಲವು ದಿನ ಬಿಟ್ಟು ತೆಗೆದರೆ ಬೇರು ಹತ್ತಿಗೆ ಕಚ್ಚಿಕೊಂಡಿತ್ತು, ಕಾಂಡ ಬಿಳಿಚಿಕೊಂಡು ಗೂನುಬೆನ್ನು ಮಾಡಿಕೊಂಡು ಎದ್ದಿತ್ತು. ಲೆಟ್ಯೂಸ್‌ನಂಥ ಕೆಲವು ಸಣ್ಣ ಬೀಜಗಳಿಗೆ ಬೆಳಕು ಬೇಕು, ನಿಜ. ಅದೂ ನಿದ್ದೆಯಿಂದ ಎಬ್ಬಿಸುವುದಕ್ಕಷ್ಟೇ.

ಊಟವನ್ನು ತಾಯಿಗಿಡ ಮೊದಲೇ ಬುತ್ತಿ ಕಟ್ಟಿ ಕಳಿಸಿರುತ್ತದೆ. ಬೀನ್ಸ್‌ನಲ್ಲಿ ಅದು ಎರಡು ಬೇಳೆಗಳಲ್ಲಿದೆ. ಬಾರ್ಲಿ, ಗೋಧಿಯಲ್ಲಿ ಬಿಳಿ ಹಿಟ್ಟಿನ ಭಾಗದಲ್ಲಿದೆ. ಬಾರ್ಲಿ ಕಾಳು ನೀರು ಕುಡಿದ ಮೇಲೆ ಒಳಗಿನ ಪುಟ್ಟ ಭ್ರೂಣ ಜಿಬ್ಬರೆಲಿನ್ ಎಂಬ ಹಾರ್ಮೋನು ಕಳಿಸುತ್ತದೆ, ಸಿಪ್ಪೆಯ ಕೆಳಗಿನ ತೆಳು ಪದರ ಅದನ್ನು ಹಿಡಿದು ಅಮೈಲೇಸ್ ಎಂಬ ಕಿಣ್ವ ತಯಾರಿಸುತ್ತದೆ, ಅದು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಚೆನ್ನಾಗಿ ಮೊಳೆತ ಕಾಳನ್ನು ಬೆರಳಲ್ಲಿ ಹಿಚುಕಿ ನೋಡಿ. ಒಣಗಿದ್ದಾಗ ಹಲ್ಲಿಗೂ ಜಗ್ಗದಿದ್ದದ್ದು ಈಗ ಹಾಲಿನಂಥ ರಸ ಬಿಡುತ್ತದೆ.

ಎಣ್ಣೆಕಾಳುಗಳದ್ದು ಇನ್ನೂ ಸೋಜಿಗ. ಹರಳು, ಸೂರ್ಯಕಾಂತಿ ಬೀಜಗಳು ಕೂಡಿಟ್ಟ ಎಣ್ಣೆಯನ್ನೇ ಸಕ್ಕರೆಯಾಗಿ ಬದಲಿಸಿಕೊಳ್ಳುತ್ತವೆ, ನಮ್ಮ ದೇಹಕ್ಕೆ ಹೆಚ್ಚುಕಡಿಮೆ ಬಾರದ ವಿದ್ಯೆ ಅದು! ಮೊಳಕೆಗೆ ಬೇಕಾದ ರಂಜಕ ಕೂಡ ಫೈಟೇಟ್ ಎಂಬ ಸಂಯುಕ್ತದ ರೂಪದಲ್ಲಿ ಒಳಗೇ ಇರುತ್ತದೆ. ಮತ್ತೆ ಮೊದಲ ದಿನವೇ ಗೊಬ್ಬರ ಯಾಕೆ? ಬೀಜಕ್ಕೆ ತಾಗುವಂತೆ ರಾಸಾಯನಿಕ ಗೊಬ್ಬರ ಜಾಸ್ತಿ ಸುರಿದರೆ ಅದರ ಉಪ್ಪಿನಿಂದ ಮೊಳಕೆ ಸುಟ್ಟುಹೋಗುವುದೂ ಉಂಟು.

ಮೊಳಕೆ ಉಬ್ಬಿ ತೂಕ ಹೆಚ್ಚಿತು ಅಂತ ಮಗಳು ವಾದ ಮಾಡಿದಳು. ಹೆಚ್ಚಿದ್ದೆಲ್ಲ ನೀರು. ಕತ್ತಲೆಯಲ್ಲಿ ಬೆಳೆದ ಮೊಳಕೆಯನ್ನು ಪೂರ್ತಿ ಒಣಗಿಸಿ ತೂಗಿದರೆ ಮೂಲ ಬೀಜಕ್ಕಿಂತ ಕಡಿಮೆಯೇ ಬರುತ್ತದೆ, ಯಾಕೆಂದರೆ ಬುತ್ತಿಯ ಒಂದು ಪಾಲು ಉಸಿರಾಟಕ್ಕೇ ಖರ್ಚಾಗಿರುತ್ತದೆ. ಹಸಿರೆಲೆ ಬಂದು ಬಿಸಿಲು ಸಿಕ್ಕ ಮೇಲೇ ಸಂಪಾದನೆ ಶುರು. ಸಣ್ಣ ಬೀಜವನ್ನು ಆಳಕ್ಕೆ ಹೂತರೆ ಮೇಲೆ ಬರುವಷ್ಟರಲ್ಲಿ ಬುತ್ತಿ ಖಾಲಿ. ಆರ್ಕಿಡ್‌ನ ಧೂಳಿನಂಥ ಬೀಜಕ್ಕಂತೂ ಬುತ್ತಿ ಇಲ್ಲವೆಂದೇ ಹೇಳಬೇಕು, ಕಾಡಿನಲ್ಲಿ ಅದು ಶಿಲೀಂಧ್ರದ ಹಂಗಿನಲ್ಲಿ ಬದುಕುತ್ತದೆ.

ನಿಮ್ಮ ಮಕ್ಕಳ ಪುಟದಲ್ಲಾದರೂ ಇದನ್ನು ಸರಿಯಾಗಿ ಬರೆಯಿರಿ. ಸುಮ್ನೆ ಒಂದು ಚಿತ್ರ ಹಾಕಿದರೂ ಸಾಕು ಅಲ್ವಾ? ಮಗಳು ಒಂದು ಎಳೆ ಸಸಿಯ ಎರಡೂ ಬೇಳೆ ಚಿವುಟಿ, ಇನ್ನೊಂದನ್ನು ಹಾಗೇ ಬಿಟ್ಟಿದ್ದಳು. ಚಿವುಟಿದ್ದು ಕುಳ್ಳಗೆ ನಿಂತುಬಿಟ್ಟಿದೆ. ಈಗ ಹಾಳೆಯಲ್ಲಿ ಏನು ಬರೆಯಲಿ ಎಂದು ನನ್ನನ್ನೇ ಕೇಳುತ್ತಿದ್ದಾಳೆ.

– ಒಬ್ಬ ತಾಯಿ