ಮಳೆಗಾಲ ದಾಟಿಸಿದವರಿಗೆ

ಗಣಪತಿ ಹೋದ, ಮಳೆಯೂ ಕಾಲು ತೆಗೆಯುತ್ತಿದೆ. ಡೊಂಬಿವಲಿ, ಠಾಣೆ, ಘಾಟ್‌ಕೋಪರ್, ಮಾಟುಂಗಾ ಕಡೆಯ ಕನ್ನಡ ಮನೆಗಳಲ್ಲಿ ವೇಲ್ಡ್ ಕ್ಯಾಮೆಲಿಯನ್ (ತಲೆಯ ಮೇಲೆ ಕಿರೀಟವಿರುವ ಹೊರದೇಶದ ಊಸರವಳ್ಳಿ) ಸಾಕಿಕೊಂಡಿರುವ ನಾವೆಲ್ಲ ಸೇರಿ ಹೇಳುತ್ತಿದ್ದೇವೆ: ದೊಡ್ಡ ಉಪಕಾರ ಆಯ್ತು. ಜೂನ್‌ನಿಂದ ಈಚೆಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಎತ್ತಿದವರು ಹೆಸರು ಬೇಡ ಎಂದಿದ್ದಾರೆ. ಸರಿ, ಅವರು ಕಲಿಸಿದ್ದನ್ನಾದರೂ ಬರೆದಿಡುತ್ತೇವೆ.

ಮೊದಲ ನಮಸ್ಕಾರ ಡಾಕ್ಟರಮ್ಮನಿಗೆ. ಹಗಲಲ್ಲಿ ಕಣ್ಣು ಮುಚ್ಚಿ ಕೂತ ಊಸರವಳ್ಳಿ ನಿದ್ದೆ ಮಾಡುತ್ತಿಲ್ಲ, ಅದಕ್ಕೆ ಏನೋ ಆಗಿದೆ ಎಂದು ನಮ್ಮ ತಲೆಗೆ ತುಂಬಿದವರು ಅವರು. ಈ ಪ್ರಾಣಿ ಕಾಯಿಲೆಯನ್ನು ಕೊನೆಯವರೆಗೆ ಮುಚ್ಚಿಡುತ್ತದೆ; ನಮಗೆ ಕಾಣುವಷ್ಟರಲ್ಲಿ ಹಲವು ದಿನ ಕಳೆದಿರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕಡ್ಡಿಯ ಸಮೇತ ತೂಗಿ, ಕಡ್ಡಿಯ ತೂಕ ಕಳೆದು ಬರೆದಿಡುವ ರೂಢಿ ಮಾಡಿಸಿದರು. 150 ಗ್ರಾಂನ ಪ್ರಾಣಿ 135ಕ್ಕೆ ಇಳಿದರೆ, ಕಣ್ಣಿಗೆ ಏನೂ ಕಾಣದಿದ್ದರೂ, ಅವರಿಗೆ ಫೋನ್ ಹೋಗಬೇಕು. ಹಿಕ್ಕೆಯ ಜೊತೆ ಬರುವ ಬಿಳಿ ಗಟ್ಟಿಯನ್ನೂ ನೋಡಬೇಕು: ಬಿಳಿ ಇದ್ದರೆ ನೆಮ್ಮದಿ. ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿ, ಕಣ್ಣಿನ ಗುಡ್ಡೆ ಒಳಕ್ಕೆ ಹೋಗಿದ್ದರೆ ಮೈಯಲ್ಲಿ ನೀರಿಲ್ಲ. ಆಗ ಸಿರಿಂಜ್ ಹಿಡಿದು ಬಾಯಿಗೆ ನೀರು ಬಿಡಬೇಡಿ. ಉಸಿರಿನ ಕಿಂಡಿ ಬಾಯಿಯೊಳಗೆ ಮುಂಭಾಗದಲ್ಲೇ ಇರುವುದರಿಂದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಲೆಗಳ ಮೇಲೆ ಹನಿ ಹನಿಯಾಗಿ ಬೀಳಲಿ, ತಾನೇ ನೆಕ್ಕಲಿ. ನೀರು ಮೈಗೆ ಹತ್ತಿದ ಮೇಲೆಯೇ ಆಹಾರದ ಮಾತು. ಕಣ್ಣೇ ತೆರೆಯದಿದ್ದರೆ ಕಾಯದೆ ಕ್ಲಿನಿಕ್ಕಿಗೆ.

ಮುಂಬೈ ಮಳೆಗಾಲದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಉಸಿರಾಟ. ಬಾಯಿ ತೆರೆದು ಕೂರುವುದಕ್ಕೆ ಎರಡು ಅರ್ಥ. ಗೂಡಿಗೆ ಬಿಸಿ ಕೊಡುವ ದೀಪದ ಕೆಳಗೆ, ಮೈಬಣ್ಣ ತಿಳಿಯಾಗಿ, ಬಾಯಿ ಬಿಟ್ಟಿದ್ದರೆ ಸೆಕೆ. ದೀಪ ಆರಿಸಿ, ನೆರಳು ಕೊಟ್ಟು, ಉಗುರುಬೆಚ್ಚಗಿನ ನೀರು ಚಿಮುಕಿಸಿದರೆ ಸಾಕು, ಐಸ್ ಬೇಡವೇ ಬೇಡ. ದೀಪ ಆರಿದ ಮೇಲೂ, ತಂಪು ಬೆಳಗಿನಲ್ಲೂ ಮೂಗು ಮೇಲಕ್ಕೆತ್ತಿ ಬಾಯಿ ತೆರೆಯುತ್ತಿದ್ದರೆ, ತುಟಿಯಲ್ಲಿ ಲೋಳೆಯ ಎಳೆ ಕಂಡರೆ, ಕಿವಿ ಹತ್ತಿರ ಹಿಡಿದಾಗ ಟಿಕ್ ಟಿಕ್ ಸದ್ದು ಕೇಳಿದರೆ, ಅದು ಸೋಂಕು. ಮನೆಮದ್ದು, ಹಬೆ ಎಂದೆಲ್ಲ ಕೂರದೆ ಅದೇ ದಿನ ಡಾಕ್ಟರ ಬಳಿ ಹೋಗಬೇಕು. ಕಾರಣ ಬಹುತೇಕ ಗಾಜಿನ ತೊಟ್ಟಿ. ಹೊರಗಿನ ಗಾಳಿಯೇ ಹಸಿ, ಒಳಗೆ ನಾವೂ ಗಂಟೆಗೊಮ್ಮೆ ನೀರು ಹೊಡೆದರೆ ಅದು ಆರುವುದು ಯಾವಾಗ? ಜಾಲರಿಯ ಗೂಡಿಗೆ ಬದಲಾಯಿಸಿ, ನೀರು ಬೆಳಗಿನ ಜಾವಕ್ಕೆ ಮಾತ್ರ ಇಟ್ಟುಕೊಂಡ ಮನೆಗಳಿಂದ ಆಗಸ್ಟ್‌ನಲ್ಲಿ ಫೋನೇ ಬರಲಿಲ್ಲ.

ಕಲ್ಯಾಣದ ಅಕ್ಕನಿಗೆ ಏನು ಹೇಳುವುದು! ಗಂಡು ಇಲ್ಲದೆಯೂ ಹೆಣ್ಣು ಮೊಟ್ಟೆ ಕಟ್ಟುತ್ತದೆ ಎಂಬುದನ್ನೇ ಅರ್ಧ ಜನ ನಂಬಿರಲಿಲ್ಲ. ಅವರು ಬಕೆಟ್ ಕಳಿಸಿದರು: 30 ಸೆಂಟಿಮೀಟರ್ ಆಳದಷ್ಟು ತೊಳೆದ ಮರಳು, ಬೆರಳಲ್ಲಿ ತೂತು ಮಾಡಿದರೆ ಕುಸಿಯದಷ್ಟು ಹಸಿ. ಗೂಡಿಗೆ ಮೂರು ಕಡೆ ಬಟ್ಟೆ. ಹೆಣ್ಣು ಮುಂಗಾಲಲ್ಲಿ ಸುರಂಗ ತೋಡುತ್ತಾ ಇಳಿಯುತ್ತದೆ, ಒಳಗೇ ತಿರುಗಿ, ಮುಖ ಮಾತ್ರ ಸುರಂಗದ ಬಾಯಲ್ಲಿ ಕಾಣುವಂತೆ ಕೂರುತ್ತದೆ, ಆಮೇಲೆ ತಾನೇ ಮಣ್ಣು ಮುಚ್ಚಿ ಸೊರಗಿ ಹೊರಬರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಇಣುಕಿದ್ದು ಕಂಡರೆ ಸುರಂಗ ಬಿಟ್ಟೇ ಬಿಡುತ್ತದೆ. ಅಲ್ಲಿಗೆ ಮೊಟ್ಟೆ ಒಳಗೇ ಉಳಿಯಿತು ಅನ್ನಿ. (ಮೊಬೈಲ್ ಹಿಡಿದು ವಿಡಿಯೋ ಮಾಡುವ ಮಕ್ಕಳಿಗೆ ಇದನ್ನು ಎರಡು ಸಲ ಓದಿ ಹೇಳಿ.) ಒಂದೆರಡು ದಿನ ತೋಡಿಯೂ ಇಡಲಿಲ್ಲ, ಅಥವಾ ಗೂಡಿನ ನೆಲದ ಮೇಲೆ ಕಣ್ಣು ಮುಚ್ಚಿ ಬಿದ್ದಿದೆ ಎಂದರೆ ತಡ ಮಾಡಬೇಡಿ, ಎಕ್ಸ್-ರೇ ಬೇಕು. ಹೊಟ್ಟೆ ಅಮುಕಿದರೆ ಮೊಟ್ಟೆ ಒಳಗೇ ಒಡೆಯುತ್ತದೆ.

ಸೊಸೈಟಿಯ ವಾಚ್‌ಮನ್ ಕಾಕಾ, ಪೆಸ್ಟ್ ಕಂಟ್ರೋಲ್‌ನವರು ಬರುವ ಹಿಂದಿನ ದಿನವೇ ಬಾಗಿಲು ತಟ್ಟಿ ಹೇಳಿದಿರಲ್ಲ, ನಿಮಗೂ ಕೈ ಮುಗಿದೆವು. ಆವತ್ತು ಗೂಡು ಬೇರೆ ಮನೆಯಲ್ಲಿರಬೇಕು, ವಿಷ ತಿಂದಿರಬಹುದಾದ ಕಟ್ಟಡದ ಜಿರಳೆ ಎಂದೂ ಊಸರವಳ್ಳಿಯ ತಟ್ಟೆಗೆ ಬರಬಾರದು.

ಮೂಳೆಯ ವಿಷಯ ಚಿಕ್ಕದಾಗಿ: ಮೂಳೆ ಗಟ್ಟಿಯಾಗಲು ಯುವಿಬಿ ಎಂಬ ಅತಿನೇರಳೆ ಕಿರಣ ಬೇಕು; ಕಿಟಕಿ ಗಾಜಿನ ಒಳಗೆ ಬರುವ ಬಿಸಿಲಿನಲ್ಲಿ ಅದು ಇರುವುದಿಲ್ಲ, ಹಳೆಯ ಯುವಿಬಿ ಟ್ಯೂಬ್ ಉರಿಯುತ್ತಿದ್ದರೂ ಕಿರಣ ಕ್ಷೀಣಿಸಿರುತ್ತದೆ. ವರ್ಷಕ್ಕೊಮ್ಮೆ ಬದಲಿಸಿ. ಊಸರವಳ್ಳಿಯ ಕೈ ನಡುಗುತ್ತಿದ್ದರೆ, ಕಾಲು ಬಿಲ್ಲಿನಂತೆ ಬಾಗಿದರೆ ಕೊಂಬೆಯಿಂದ ಎಳೆಯಬೇಡಿ, ಮೂಳೆ ಮುರಿಯುತ್ತದೆ. ಮುಂದೆ ಇನ್ನೊಂದು ಕಡ್ಡಿ ಹಿಡಿಯಿರಿ, ತಾನೇ ಹತ್ತಲಿ. ನಾಲಿಗೆ ಒಳಗೆ ಹೋಗದೆ ನೇತಾಡಿದರೆ, ಹಿಂಬದಿಯಿಂದ ಏನಾದರೂ ಹೊರಬಂದರೆ ಒಳಕ್ಕೆ ತುರುಕದೆ ಸಲೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒದ್ದೆ ಇಟ್ಟು ಹೊರಡಿ. ದೀಪಕ್ಕೆ ತಲೆಯ ಕಿರೀಟ ಸುಟ್ಟರೆ ಅರಿಶಿನ, ಟೂತ್‌ಪೇಸ್ಟ್, ತುಪ್ಪ ಯಾವುದೂ ಬೇಡ. ಅಜ್ಜಿಯರು ಮುನಿಸಿಕೊಂಡರೂ ಸರಿ.

ಬೆಳಗಿನ ನಾಲ್ಕಕ್ಕೂ ಬಂದ ರಿಕ್ಷಾದ ಅಣ್ಣ, ಫ್ಯಾನ್ ಆರಿಸಿ, ಹಾಡು ನಿಲ್ಲಿಸಿ ಓಡಿಸಿದ್ದಕ್ಕೆ ಥ್ಯಾಂಕ್ಸ್. ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೆ ಹತ್ತಿಯ ಟವೆಲ್, ಕತ್ತಲು, ನೀರಿನ ಬಟ್ಟಲಿಲ್ಲ, ಜೊತೆಗೆ ತಾಜಾ ಹಿಕ್ಕೆಯ ಚಿಕ್ಕ ಡಬ್ಬಿ, ಗೂಡಿನ ಫೋಟೋ: ಡಾಕ್ಟರು ಮೊದಲು ಕೇಳುವುದು ಇವನ್ನೇ.

ತೋಟದಲ್ಲಿ ಸಿಕ್ಕ ನಮ್ಮ ಊರಿನ ಗೋಸುಂಬೆ ಈ ಮಾತಿಗೆ ಸೇರುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ, ಸಾಕುವುದು ಅಪರಾಧ. ಗಾಯವಾಗಿದ್ದರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

ಅಕ್ಟೋಬರ್ ಸೆಕೆ ಶುರುವಾಗುವ ಮೊದಲು ಎಲ್ಲರೂ ದೀಪದ ಎತ್ತರ ಅಳೆದುಕೊಳ್ಳಿ. ಕಲ್ಯಾಣದ ಅಕ್ಕ, ಬಕೆಟ್ ತೊಳೆದು ಒಣಗಿಸಿ ಇಟ್ಟಿದ್ದೇವೆ, ಯಾವಾಗ ತಂದುಕೊಡೋಣ?