ನಿಂತು ದುಡಿಯುವವರ ಕಾಲನ್ನು ಯಾರು ನೋಡಬೇಕು?

ಮಾನ್ಯ ಸಂಪಾದಕರೇ,

ಆರೋಗ್ಯದ ಮಾತೆತ್ತಿದರೆ ಸಾಕು, ‘ಬೆಳಿಗ್ಗೆ ಅರ್ಧ ಗಂಟೆ ನಡೆಯಿರಿ’ ಎನ್ನುತ್ತಾರೆ. ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೆ ಅದು ಸರಿ. ಮುಂಬಯಿಯ ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮ ಕನ್ನಡಿಗರ ಹೋಟೆಲುಗಳಲ್ಲಿ ದೋಸೆ ಕಾವಲಿಯ ಮುಂದೆ 10-12 ತಾಸು ನಿಲ್ಲುವವರಿಗೆ ಬೇಕಾದದ್ದೇ ಬೇರೆ.

ನಡೆಯುವಾಗ ಮೀನಖಂಡ ಬಿಗಿದು ಸಡಿಲಾಗುತ್ತ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಒಂದೇ ಕಡೆ ನಿಂತರೆ ಆ ಒತ್ತಡ ಸಿಗದೆ ರಕ್ತ ಕೆಳಗೇ ತಂಗುತ್ತದೆ. ವರ್ಷಗಳು ಕಳೆದಂತೆ ರಕ್ತನಾಳದೊಳಗಿನ ಕವಾಟಗಳು ಸೋತು, ನಾಳ ನೀಲಿ ಹುರಿಯಂತೆ ಉಬ್ಬಬಹುದು. ‘ನರ ಉಬ್ಬಿದೆ’ ಎಂದು ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವವರಿದ್ದಾರೆ. ಅದು ನರವಲ್ಲ, ತಿಕ್ಕಿದರೆ ಕವಾಟ ರಿಪೇರಿಯಾಗುವುದೂ ಇಲ್ಲ.

ಅರ್ಧ ಗಂಟೆಗೊಮ್ಮೆ ಕಟ್ಟೆ ಹಿಡಿದು 20 ಸಲ ಹಿಮ್ಮಡಿ ಎತ್ತಿ ಇಳಿಸಿ. ಮೊಣಕಾಲು ನೇರವಿರಲಿ, ಮೇಲೆ ಎರಡೆಣಿಸುವಷ್ಟು ನಿಂತು ನಿಧಾನವಾಗಿ ಇಳಿಯಿರಿ. ಕುಪ್ಪಳಿಸಿದಂತೆ ಅವಸರದಲ್ಲಿ ಮಾಡಿದರೆ ಸ್ನಾಯು ಪೂರ್ತಿ ಬಿಗಿಯುವುದಿಲ್ಲ. ಒಂದೆರಡು ದೋಸೆ ಬೇಯುವಷ್ಟರಲ್ಲಿ ಇದು ಮುಗಿಯುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ 15 ನಿಮಿಷ ಅಂಗಾತ ಮಲಗಿ ಕಾಲನ್ನು ಗೋಡೆಗೆ ಒರಗಿಸಿ. ಹಿಮ್ಮಡಿ ಎದೆಗಿಂತ ಮೇಲಿರಬೇಕು, ಒಂದು ತೆಳು ದಿಂಬು ಸಾಲದು. ವೈದ್ಯರು ಬಿಗಿ ಸ್ಟಾಕಿಂಗ್ಸ್ ಹೇಳಿದ್ದರೆ ಕಣಕಾಲು, ಮೀನಖಂಡದ ಅಳತೆ ಕೊಟ್ಟೇ ಕೊಳ್ಳಿ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಳ್ಳಿ. ಬಾವು ಬಂದ ಮೇಲೆ ಅದು ಏರುವುದೂ ಕಷ್ಟ. ಒಂದೇ ಕಾಲು ದಿಢೀರನೆ ಊದಿ, ನೋವಿನ ಜತೆಗೆ ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಯಾವ ವ್ಯಾಯಾಮವೂ ಬೇಡ, ಅಂದೇ ಆಸ್ಪತ್ರೆಗೆ ಹೋಗಬೇಕು.

ಪಾತ್ರೆ ತೊಳೆಯುವ ಹುಡುಗರದು ಇನ್ನೊಂದು ಪಾಡು. ಒದ್ದೆ ನೆಲದಲ್ಲಿ ನಿಂತು ಬೆರಳ ಸಂದಿ ಬೆಳ್ಳಗೆ ಕೊಳೆಯುತ್ತದೆ. ರಾತ್ರಿ ಕಾಲು ತೊಳೆದು, ಪ್ರತಿ ಸಂದಿಯನ್ನೂ ಒಣ ಬಟ್ಟೆಯಿಂದ ಒತ್ತಿ ಒರೆಸಬೇಕು. ಟವೆಲು ಹಂಚಿಕೊಳ್ಳಬಾರದು. ಮೆಡಿಕಲ್‌ನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ಅಡಗಿಸುತ್ತದೆ, ಒಳಗೆ ಬೂಷ್ಟು ಹಬ್ಬುತ್ತಲೇ ಇರುತ್ತದೆ.

ಮನಸ್ಸಿನ ವಿಚಾರವೂ ಇಲ್ಲೇ ಇದೆ. ಹೋಟೆಲು ಮುಚ್ಚುವ ಹೊತ್ತಿಗೆ ಕುಡಿದ ಚಹಾದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು 5 ತಾಸಿನ ಬಳಿಕವೂ ಮೈಯಲ್ಲೇ ಉಳಿದಿರುತ್ತದೆ. ನಿದ್ದೆ ತುಂಡಾಗುತ್ತದೆ, ಮರುದಿನ ಸಣ್ಣ ಮಾತಿಗೂ ಸಿಡುಕು. ಸಂಜೆಯ ಚಹಾವೇ ಕೊನೆಯದಾಗಲಿ.

ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕಾನೂನಿನ ಮೂಲಕವೇ ಕೊಟ್ಟವು. ನಮ್ಮ ಹೋಟೆಲು ಮಾಲೀಕರು ಕಾನೂನಿಗೆ ಕಾಯದೆ ಗಲ್ಲಾ ಪಕ್ಕ, ಅಡುಗೆಮನೆಯಲ್ಲಿ ಒಂದೊಂದು ಎತ್ತರದ ಸ್ಟೂಲ್ ಇಡಿಸಲಿ. ಆರೋಗ್ಯ ಶಿಬಿರ ನಡೆಸುವ ಕನ್ನಡ ಸಂಘಗಳು ಬಿಪಿ, ಶುಗರ್ ಜತೆಗೆ ಪ್ಯಾಂಟು ಮೊಣಕಾಲಿಗೆ ಮಡಚಿಸಿ ಕಾಲನ್ನೂ ನೋಡಿಸಲಿ.

– ಓರ್ವ ಫಿಸಿಯೋಥೆರಪಿಸ್ಟ್, ಮುಂಬಯಿ