ಮೊದಲು ಮಾಮೂಲಿ ನಡೆಯನ್ನು ಕಲಿತುಕೋ

ಮಂಡ್ಯ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮೈಸೂರಿನ ಕಂಪನಿಯಲ್ಲಿ ನಿನಗೆ ಕಂಪ್ಯೂಟರ್ ಜಾಲಕ್ಕೆ ಕಳ್ಳರು ನುಗ್ಗದಂತೆ ಕಾಯುವ ಸೆಕ್ಯುರಿಟಿ ಅನಲಿಸ್ಟ್ ಕೆಲಸ ಸಿಕ್ಕಿತೆಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದಾಗ ನನಗಾದ ಸಂತೋಷ ಸಣ್ಣದಲ್ಲ. ಕೆಲಸಕ್ಕೆ ಸೇರುವುದರೊಳಗೆ ಸಾಲ ಮಾಡಿಯಾದರೂ ಅನುಮತಿ ಪಡೆದು ಕಂಪ್ಯೂಟರುಗಳ ರಕ್ಷಣೆ ಒಡೆದು ನೋಡುವ ಎಥಿಕಲ್ ಹ್ಯಾಕಿಂಗ್ ಕೋರ್ಸಿಗೆ ಹಣ ಕಟ್ಟಬೇಕೆಂದು ನೀನು ಹಟ ಹಿಡಿದಿರುವುದನ್ನೂ ಅವನೇ ತಿಳಿಸಿದ. ಇದೇ ವೃತ್ತಿಯಲ್ಲಿ ತಲೆ ನರೆತವನಾದ್ದರಿಂದ, ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಸಾಲ ಮಾಡಬೇಡ. ಸರ್ಟಿಫಿಕೇಟು ಸಂದರ್ಶನದ ಬಾಗಿಲು ತೆರೆಸುತ್ತದೆ, ನಿಜ. ಆದರೆ ಆ ಬಾಗಿಲನ್ನು ನೀನು ಆಗಲೇ ದಾಟಿದ್ದೀಯೆ. ಈಗ ನಿನಗೆ ಬೇಕಾಗಿರುವುದು ಒಡೆಯುವ ವಿದ್ಯೆಗಿಂತ ಮೊದಲು, ಒಡೆಯದೆ ಇರುವಾಗ ಎಲ್ಲವೂ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡು, ಜಾಲದಲ್ಲಿ ಹರಿಯುವ ಮಾಹಿತಿಯನ್ನು ತೋರಿಸುವ ವೈರ್‌ಶಾರ್ಕ್ ತೆರೆದು, ಬ್ರೌಸರಿನಲ್ಲಿ ಒಂದೇ ಒಂದು ಪುಟ ತೆರೆದು ನೋಡು. ಮೊದಲು, ಜಾಲತಾಣದ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ ವಿಳಾಸ ಕೇಳುವ ಪ್ರಶ್ನೆ ಹೋಗುತ್ತದೆ, ಉತ್ತರ ಬರುತ್ತದೆ. ಆಮೇಲೆ ಸಾಮಾನ್ಯವಾಗಿ ಸಿನ್, ಸಿನ್-ಆಕ್, ಆಕ್ ಎಂಬ, ಮಾಹಿತಿಯ ಪುಟ್ಟ ತುಣುಕುಗಳಾದ ಮೂರು ಪ್ಯಾಕೆಟ್‌ಗಳಲ್ಲಿ ನಿನ್ನ ಕಂಪ್ಯೂಟರೂ ಆ ಕಡೆಯ ಸರ್ವರೂ ಮಾತಾಡಲು ಪರಸ್ಪರ ಒಪ್ಪಿಕೊಳ್ಳುತ್ತವೆ. ಅನಂತರ ಸರ್ವರಿನ 443ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಿನಲ್ಲಿ, ಗೂಢಲಿಪಿಯ ಮಾತುಕತೆ ಶುರುವಾಗುತ್ತದೆ. ಮುಂದಿನ ಪ್ಯಾಕೆಟ್ ಯಾವುದು ಬರಬೇಕೆಂದು ನೋಡುವ ಮೊದಲೇ ಹೇಳುವಷ್ಟು ಅಭ್ಯಾಸವಾಗುವ ತನಕ ಇದನ್ನು ದಿನಾ ಮಾಡು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ನಮ್ಮೂರಿನ ನೀರುಗಂಟಿಯನ್ನು ನೀನು ಚಿಕ್ಕಂದಿನಲ್ಲಿ ನೋಡಿದ್ದೀಯೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟ ದಿನಗಳಲ್ಲಿ ಆತ ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಉಪನಾಲೆಯ ಏರಿಯ ಮೇಲೆ ಓಡಾಡುತ್ತಿದ್ದ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಒಂದು ತೂಬಿನ ಹತ್ತಿರ ಥಟ್ಟನೆ ನಿಂತು, ಕಿವಿಗೊಟ್ಟು, "ಸದ್ದು ಬೇರೆ ಆಗೈತೆ" ಎಂದ. ನನಗೆ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ. ಹತ್ತು ಹೆಜ್ಜೆ ಮುಂದೆ ಬದುವಿನಲ್ಲಿ ಏಡಿ ತೋಡಿದ ಬಿಲದಿಂದ ಬೆರಳು ಗಾತ್ರದ ನೀರು ಆಚೆ ಗದ್ದೆಗೆ ಇಳಿಯುತ್ತಿತ್ತು. ಬೆಳಗಿನವರೆಗೆ ಬಿಟ್ಟಿದ್ದರೆ ಏರಿಯೇ ಕಿತ್ತುಹೋಗುತ್ತಿತ್ತು. ನೂರಾರು ರಾತ್ರಿ ಸರಿಯಾದ ಸದ್ದನ್ನು ಕೇಳಿ ಕೇಳಿ ಅದು ಅವನ ಕಿವಿಯಲ್ಲಿ ಉಳಿದುಹೋಗಿತ್ತು, ಅದರಿಂದಲೇ ಕೆಟ್ಟ ಸದ್ದು ಅವನಿಗೆ ಗೊತ್ತಾಯಿತು. ಮಾನಿಟರಿನ ಮುಂದೆ ಕುಳಿತು ಯಂತ್ರ ಕಳಿಸುವ ಎಚ್ಚರಿಕೆಗಳಾದ ಅಲರ್ಟ್‌ಗಳನ್ನು ನೋಡುವ ನಿನ್ನ ಕೆಲಸವೂ ಇದೇ ಜಾತಿಯದು.

ನನಗೆ ಇದು ತಿಳಿದದ್ದು ಬೇರೊಬ್ಬರ ಕಣ್ಣೀರಿನಿಂದ. ಆಗ ನಾನು ಮೈಸೂರಿನಲ್ಲೇ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಅಕೌಂಟ್ಸ್ ವಿಭಾಗದ ಒಬ್ಬ ಹೆಣ್ಣುಮಗಳ ಇಮೇಲ್ ಖಾತೆಗೆ ಹೊಸ ಇಂಟರ್ನೆಟ್ ವಿಳಾಸದಿಂದ ಲಾಗಿನ್ ಆಗಿದೆಯೆಂದು ಅಲರ್ಟ್ ಬಂತು. ಯಾರು ಯಾವಾಗ ಒಳಬಂದರೆಂದು ಯಂತ್ರ ಬರೆದಿಡುವ ಲಾಗ್ ಎಂಬ ದಾಖಲೆಯಲ್ಲಿ ಸಮಯ 20:40 ಎಂದಿತ್ತು. ತಿಂಗಳ ಕೊನೆ, ರಾತ್ರಿ ಎಂಟೂ ನಲವತ್ತಕ್ಕೆ ಮನೆಯಿಂದ ಕೆಲಸ ಮಾಡುತ್ತಿರಬೇಕು ಎಂದುಕೊಂಡು, ಮಾಮೂಲು ಲಾಗಿನ್ ಎಂದು ಷರಾ ಬರೆದು, ಆ ಅಲರ್ಟಿನ ದಾಖಲೆಯಾದ ಟಿಕೆಟ್ ಮುಚ್ಚಿಬಿಟ್ಟೆ. ಆ ಸಮಯದ ಕೊನೆಯಲ್ಲಿ 'ಝಡ್' ಎಂಬ ಒಂದೇ ಒಂದು ಅಕ್ಷರವಿತ್ತು. ಅದು ವಿಶ್ವ ಪ್ರಮಾಣ ಕಾಲವೆಂದೂ, ನಮ್ಮ ಗಡಿಯಾರದ ಸಮಯ ಬೇಕಾದರೆ ಅದಕ್ಕೆ ಐದೂವರೆ ಗಂಟೆ ಸೇರಿಸಬೇಕೆಂದೂ ಪಾಠದಲ್ಲಿ ಓದಿದ್ದೆ. ನೋಡುವ ಹೊತ್ತಿಗೆ ಹೊಳೆಯಲಿಲ್ಲ. ಆ ಲಾಗಿನ್ ನಡೆದದ್ದು ಬೆಳಗಿನ ಜಾವ ಎರಡು ಗಂಟೆ ಹತ್ತು ನಿಮಿಷಕ್ಕೆ. ಒಳಹೊಕ್ಕವನು ಅವಳ ಇಮೇಲ್ ಪೆಟ್ಟಿಗೆಯಲ್ಲಿ ಒಂದು ನಿಯಮ ಬರೆದಿಟ್ಟಿದ್ದ: 'ಇನ್‌ವಾಯ್ಸ್' ಎಂಬ ಪದವಿರುವ ಪ್ರತಿ ಪತ್ರದ ನಕಲೂ ಹೊರಗಿನ ವಿಳಾಸಕ್ಕೆ ಹೋಗುತ್ತಿತ್ತು. ಕೆಲವೇ ದಿನಗಳಲ್ಲಿ, ಒಂದೇ ಒಂದು ಅಕ್ಷರ ವ್ಯತ್ಯಾಸದ ವಿಳಾಸದಿಂದ, ಸರಬರಾಜುದಾರರ ಹೆಸರಿನಲ್ಲಿ, ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಪತ್ರ ಬಂದು, ಒಂದು ಕಂತಿನ ಹಣ ಕಳ್ಳರ ಪಾಲಾಯಿತು.

ಹಣಕ್ಕಿಂತ ನನ್ನನ್ನು ಸುಟ್ಟದ್ದು ಇನ್ನೊಂದು. ಆ ರಾತ್ರಿ ಲಾಗಿನ್ ಮಾಡಿದವಳು ಅವಳೇ ಎಂಬುದಕ್ಕೆ ನನ್ನ ಷರಾವೇ ಸಾಕ್ಷಿಯಾಗಿ, ಎಂಟೂ ನಲವತ್ತಕ್ಕೆ ಏನು ಮಾಡುತ್ತಿದ್ದೆಯೆಂದು ಅವಳನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿ ಕೇಳಿದರು. ಲಾಗನ್ನು ಮತ್ತೆ ತೆಗೆದು ಆ ಅಕ್ಷರ ಕಂಡಾಗ ನನ್ನ ಕೈ ನಡುಗಿತು. ಒಂದಿಡೀ ರಾತ್ರಿ ಹೇಳಲೋ ಬೇಡವೋ ಎಂದು ಒದ್ದಾಡಿ, ಬೆಳಿಗ್ಗೆ ಹಿರಿಯರ ಬಳಿ ಹೋಗಿ, ತಪ್ಪು ನನ್ನದು ಎಂದೆ. ಅವರು ಬೈಯಲಿಲ್ಲ, ಎಷ್ಟು ಹೊತ್ತಿಗೆ ನಿನಗೆ ಗೊತ್ತಾಯಿತು ಎಂದಷ್ಟೇ ಕೇಳಿದರು. ನಿನ್ನೆ ಸಂಜೆ ಎಂದು ಹೇಳುವಾಗ ನನಗಾದ ನಾಚಿಕೆ ಇವತ್ತಿಗೂ ಮರೆತಿಲ್ಲ, ಏಕೆಂದರೆ ಆ ಹೆಣ್ಣುಮಗಳು ಆ ರಾತ್ರಿಯನ್ನೂ ಕಳಂಕ ಹೊತ್ತೇ ಕಳೆದಿದ್ದಳು. ಟಿಕೆಟ್ ಮುಚ್ಚುವಾಗ ನೀನು ಬರೆಯುವ ಒಂದು ಸಾಲು ಯಾರದೋ ಮಾನದ ಮೇಲೆ ಬೀಳಬಹುದು, ಮಗಳೇ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆ. ತಪ್ಪಾದರೆ ಆ ಗಳಿಗೆಯಲ್ಲೇ ಹೇಳು. ಈಗಂತೂ ಸೈಬರ್ ಘಟನೆಯನ್ನು ಅರಿತ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಹೊರಡಿಸಿರುವುದರಿಂದ, ನೀನು ಮುಚ್ಚಿಟ್ಟ ಒಂದು ರಾತ್ರಿ ಇಡೀ ಕಂಪನಿಯನ್ನು ಕಟಕಟೆಗೆ ತರಬಲ್ಲದು.

ಪ್ಯಾಚ್, ಅಂದರೆ ತಂತ್ರಾಂಶದ ಲೋಪ ಮುಚ್ಚುವ ತೇಪೆ, ಹಾಕಿಸುವ ಕೆಲಸವನ್ನು ಕೀಳೆಂದು ಎಣಿಸಬೇಡ. 2017ರ ಮೇ 12ರಂದು ವಾನಾಕ್ರೈ ಎಂಬ ದುಷ್ಟ ಪ್ರೋಗ್ರಾಂ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರುಗಳನ್ನು ಬೀಗ ಹಾಕಿ ಕೂರಿಸಿದಾಗ, ಅದು ನುಗ್ಗಿದ ಬಿಲವನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ನಡುವೆ ಸುಮಾರು ಎರಡು ತಿಂಗಳಿತ್ತು.

ಇನ್ನು, ಕಲಿತದ್ದನ್ನು ಪರೀಕ್ಷಿಸುವ ಆಸೆಯಿಂದ ಕಾಲೇಜಿನ ಪೋರ್ಟಲನ್ನಾಗಲಿ, ಯಾವುದೋ ಅಂಗಡಿಯ ವೆಬ್‌ಸೈಟನ್ನಾಗಲಿ ಮುಟ್ಟಬೇಡ. ಒಳ್ಳೆಯ ಉದ್ದೇಶವಿತ್ತೆಂಬ ಮಾತೊಂದೇ ನಿನ್ನನ್ನು ಕಾಯುವುದಿಲ್ಲ, ಬರಹದಲ್ಲಿ ಪಡೆದ ಅನುಮತಿ ಕಾಯುತ್ತದೆ. ಮೋಸದ ಅಥವಾ ಅಪ್ರಾಮಾಣಿಕ ಉದ್ದೇಶವಿತ್ತೆಂದು ತೀರ್ಮಾನವಾದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಅಭ್ಯಾಸಕ್ಕೆ ನಿನ್ನದೇ ಯಂತ್ರಗಳಿರಲಿ.

ನೀನು ಈ ಕೆಲಸದಲ್ಲಿದ್ದೀಯೆಂದು ತಿಳಿದರೆ ಊರಿನವರು ಫೋನ್ ಮಾಡುತ್ತಾರೆ. ಆಲೆಮನೆಯ ಹಣ ಬ್ಯಾಂಕಿನಿಂದ ಮಾಯವಾಗಿದೆ, ಒಟಿಪಿ ಹೇಳಿಬಿಟ್ಟೆ ಎಂದು ಯಾರಾದರೂ ಅತ್ತರೆ ಉಪದೇಶಕ್ಕೆ ಕೂರಬೇಡ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸು. ಬೇಗ ದೂರು ಹೋದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಬುದ್ಧಿಯ ಮಾತನ್ನು ಮರುದಿನ ಹೇಳಬಹುದು.

ರಾತ್ರಿ ಪಾಳಿಯ ಬಗ್ಗೆ ನಿನ್ನ ದೊಡ್ಡಮ್ಮ ಬೇರೆ ಬರೆಯುತ್ತಾಳಂತೆ, ಅದನ್ನು ಅವಳಿಗೇ ಬಿಡುತ್ತೇನೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿಸಿ, ಲಿನಕ್ಸ್ ತುಂಬಿಸಿ ಇಟ್ಟಿದ್ದೇನೆ. ಭಾನುವಾರ ಬೆಳಗಿನ ರೈಲಿಗೆ ಬಾ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕೂತು ನಮ್ಮ ಮನೆಯ ರೂಟರಿನಲ್ಲಿ ಏನೇನು ಹರಿದಾಡುತ್ತದೆ ನೋಡೋಣ.

ನಿನ್ನ ದೊಡ್ಡಪ್ಪ